ಕೇಳದೆ ಬರಬೇಕಾದ ಮಾತು

ಯೆಹೂದ್ಯರ ಪಸ್ಕ ಹಬ್ಬ ಕಳೆದ ಮೇಲಿನ ಮೊದಲ ಗುರುವಾರ, ಹೊತ್ತು ಇಳಿಯುವ ಸಮಯ. ಪೂರ್ವದ ಮರುಭೂಮಿಯಿಂದ ಬಿಸಿಗಾಳಿ ಬೀಸಿ ತಿಬೇರಿಯ ಊರಿನ ಕರಿಗಲ್ಲಿನ ಗೋಡೆಗಳು ಒಲೆಯ ಬದಿಯಂತೆ ಕಾದಿದ್ದವು. ಸರೋವರದ ಮೇಲೆ ಹಳದಿ ಧೂಳಿನ ಮಬ್ಬು ಕೂತಿತ್ತು. ಬುಲಿಸಾ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಓಣಿಯ ತಿರುವಿನಲ್ಲಿ ಅವಳ ಗಂಡ ಬೆಖೋರ್ ಎರಡು ಸಲ ಶಿಳ್ಳೆ ಹೊಡೆದ. ಹೋಗುವಾಗ ಎರಡು, ಬರುವಾಗ ಎರಡು, ಅದು ಅವನ ರೂಢಿ. ಅವಳ ಕೈಯಲ್ಲಿ ಬಟ್ಟೆ ತುಂಬಿತ್ತು, ತಿರುಗಿ ನೋಡಲಿಲ್ಲ.

ಸಬ್ಬತ್ತಿನ ಊಟಕ್ಕೆ ಊರಿಗೆಲ್ಲ ಮೀನು ಬೇಕು, ಅದಕ್ಕೇ ಆ ಗಾಳಿಯಲ್ಲೂ ಬೆಖೋರ್ ಮತ್ತು ಅವನ ಜೊತೆಗಾರ ಮೆರ್ಕಾದೊ ದೋಣಿ ಇಳಿಸಿದ್ದರು. ಸರೋವರದ ನಡುವೆ ಗಾಳಿ ತಿರುಗಿ ದೋಣಿ ಮಗುಚಿತು. ಮೆರ್ಕಾದೊ ಹಲಗೆ ತಬ್ಬಿಕೊಂಡು ಉಳಿದ. ಬೆಖೋರ್ ಮುಳುಗಿದವನು ಏಳಲಿಲ್ಲ. ಬಲೆ ಬೀಸಿದರು, ಈಜುಗಾರರು ಇಳಿದರು, ನೀರು ಏನನ್ನೂ ಹಿಂದಕ್ಕೆ ಕೊಡಲಿಲ್ಲ. ಆಚೆ ದಡ ಆಗ ಸಿರಿಯಾದವರದು. ಅಲ್ಲಿಗೆ ಹೋಗಿ ಹುಡುಕುವ ಮಾತೇ ಇರಲಿಲ್ಲ, ಹತ್ತಿರ ಹೋದರೆ ಗುಂಡು ಹಾರುತ್ತಿತ್ತು.

ಮುಂದಿನದು ಬುಲಿಸಾಳ ತಂದೆ ಮಾಡಿದ ತಪ್ಪು. ದೈವಭಕ್ತ, ಅವಸರದ ಮನುಷ್ಯ. ಮಗಳ ಗತಿ ಏನು ಎಂದು ತಿಳಿಯಲೇಬೇಕೆಂದು ಅವಳ ಕೈ ಹಿಡಿದು ಊರಿನ ಧರ್ಮಗುರು ಹಖಾಮ್ ಪಿನ್ಹಾಸರ ಮುಂದೆ ನಿಲ್ಲಿಸಿದ. ಹಖಾಮರು ಮೆರ್ಕಾದೊನನ್ನು ಕರೆಸಿದರು.

“ಹಲಗೆ ಹಿಡ್ಕೊಂಡು ನೀನು ಸುತ್ತ ನೋಡಿದ್ಯಲ್ಲ, ನಾಲ್ಕೂ ಕಡೆ ದಡ ಕಾಣ್ತಿತ್ತಾ?”

“ನಮ್ಮ ಕಡೇದು ಕಾಣ್ತಿತ್ತು, ಹಖಾಮರೇ.”

“ಆಚೆ ಕಡೇದು?”

ಮೆರ್ಕಾದೊ ಬುಲಿಸಾಳ ಮುಖ ನೋಡಿದ. ಒಂದು ಸುಳ್ಳು ಹೇಳಿದರೆ ಮುಗಿಯುತ್ತಿತ್ತು. ಅವನ ಬಾಯಿಗೆ ಅದು ಬರಲಿಲ್ಲ.

“ಇಲ್ಲ. ಮಬ್ಬಿತ್ತು. ಆಚೆ ಗುಡ್ಡಾನೇ ಯಾರೋ ಎತ್ಕೊಂಡು ಹೋದ ಹಾಗಿತ್ತು.”

ಸುತ್ತಲೂ ದಡ ಕಾಣುವ ನೀರಿನಲ್ಲಿ ಮುಳುಗಿದವನು ಏಳದಿದ್ದರೆ ಸತ್ತನೆಂದೇ ಲೆಕ್ಕ, ಹೆಂಡತಿಗೆ ಬಿಡುಗಡೆ. ದಡ ಕಾಣದ ನೀರಾದರೆ ಕಣ್ಣಿಗೆ ಬೀಳದ ಕಡೆ ಎದ್ದು ಹೋಗಿರಬಹುದು, ಹೆಂಡತಿ ಕಟ್ಟಿನಲ್ಲೇ ಇರಬೇಕು. ಹಿರಿಯರ ಮಾತು ಅದು. ಹಖಾಮರು ಮರುಮದುವೆ “ಬೇಡ” ಎಂದರು. ಒಬ್ಬ ಗುರು ಬೇಡ ಎಂದದ್ದನ್ನು ಇನ್ನೊಬ್ಬ ಆಗಲಿ ಎನ್ನುವ ಹಾಗಿಲ್ಲ.

“ಕೇಳ್ದೆ ಇನ್ನೊಂದು ಮದುವೆ ಆಗ್ಬಿಟ್ಟಿದ್ರೆ ಯಾರೂ ಒಡೀತಿರ್ಲಿಲ್ಲ. ಕೇಳಿ ಕೆಟ್ಟಳು” ಎಂದು ನೀರಿನ ಕೊಳಾಯಿಯ ಹತ್ತಿರ ಹೆಂಗಸರು ಆಡಿಕೊಂಡರು.

ಸತ್ತವನಲ್ಲ ಎಂದ ಮೇಲೆ ಶೋಕವೂ ಇಲ್ಲ. ಏಳು ದಿನ ನೆಲದ ಮೇಲೆ ಕೂರುವ ಹಾಗಿಲ್ಲ, ಬಟ್ಟೆ ಹರಿದುಕೊಳ್ಳುವ ಹಾಗಿಲ್ಲ, ಅವನ ಹೆಸರಿನಲ್ಲಿ ಸತ್ತವರ ಪ್ರಾರ್ಥನೆ ಹೇಳಿಸುವ ಹಾಗಿಲ್ಲ. ಅತ್ತರೆ ಜನ ಅವನನ್ನು ಸತ್ತನೆಂದು ತಿಳಿದಾರು, ಆಮೇಲೆ ಯಾರಾದರೂ ಅವಳನ್ನು ಕಟ್ಟಿಕೊಂಡಾರು ಎಂದು. ಬೆಖೋರನ ತಾಯಿ ಕಾದೆನ್‌ಗೆ ಅವನೊಬ್ಬನೇ ಮಗ. ಅವಳಿಗೂ ಅಳುವ ಅಪ್ಪಣೆ ಇರಲಿಲ್ಲ.

ಮೊದಲ ಸಬ್ಬತ್ತಿನ ಸಂಜೆ ಕಾದೆನ್ ಮೂರು ತಟ್ಟೆ ಇಟ್ಟಳು.

“ಅತ್ತೆ, ಇದು ಯಾರಿಗೆ?”

“ನನ್ನ ಮಗನಿಗೆ. ಸತ್ತಿಲ್ಲ ಅಂದ್ರಲ್ಲ. ಸಾಯದವನಿಗೆ ಹೊಟ್ಟೆ ಹಸಿಯಲ್ವಾ?”

ಅಷ್ಟಕ್ಕೇ ಬಿಡಲಿಲ್ಲ. ಆ ತಟ್ಟೆಯ ಮೇಲೆ ಬಟ್ಟೆ ಮುಚ್ಚಿಕೊಂಡು ಹಖಾಮರ ಮನೆಯ ಮೆಟ್ಟಿಲು ಹತ್ತಿದಳು. “ತಗೊಳ್ಳಿ. ಅವನು ಎಲ್ಲಿದಾನೆ ಅಂತ ನಿಮಗೆ ಗೊತ್ತಲ್ಲ, ಬಿಸಿ ಇರೋವಾಗ್ಲೇ ಮುಟ್ಟಿಸ್ಬಿಡಿ.”

ಹಖಾಮರು ತಟ್ಟೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡರಂತೆ. ಆಮೇಲಿನ ಸಬ್ಬತ್ತುಗಳಲ್ಲಿ ಮೂರನೆಯದಾಗಿ ಬೇರೊಂದು ತಟ್ಟೆ ಮನೆಯಲ್ಲೇ ಇರುತ್ತಿತ್ತು. ಸರೋವರದ ಮೀನು ಮಾತ್ರ ಆ ಮನೆಗೆ ಮತ್ತೆ ಬರಲಿಲ್ಲ. ಯಾವ ಮೀನು ಏನು ತಿಂದಿದೆಯೋ ಯಾರು ಬಲ್ಲರು?

ಹೀಗೆ ವರ್ಷಗಳು ಹೋದವು. ಬುಲಿಸಾ ದಿನವೂ ಸಂಜೆ ಮಾಳಿಗೆ ಹತ್ತಿ ಆಚೆ ದಡ ನೋಡುವುದನ್ನು ರೂಢಿ ಮಾಡಿಕೊಂಡಳು. ಮಳೆ ಬಿದ್ದ ಮರುದಿನ ಅದು ಎಷ್ಟು ಹತ್ತಿರ ಕಾಣುತ್ತಿತ್ತೆಂದರೆ ಅಲ್ಲಿನ ಕುರಿಗಳನ್ನು ಎಣಿಸಬಹುದಿತ್ತು. ಆ ಒಂದು ಗುರುವಾರ ಮಾತ್ರ ಕಾಣದೆ ಹೋಯಿತಲ್ಲ ಎಂದುಕೊಳ್ಳುತ್ತಿದ್ದಳು. ಬಿಸಿಗಾಳಿಯ ಸಂಜೆಗಳಲ್ಲಿ ದಡ ಅಳಿಸಿಹೋದಾಗ ಓಣಿಯ ತಿರುವಿನಲ್ಲಿ ಎರಡು ಸಲ ಶಿಳ್ಳೆ ಕೇಳುತ್ತಿತ್ತು. ಒಳಗೆ ಕಾದೆನ್ ಪಾತ್ರೆ ತೊಳೆಯುವುದನ್ನು ನಿಲ್ಲಿಸುತ್ತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಬೆಳಿಗ್ಗೆ ಹೊಸಿಲ ಕಲ್ಲು ಒದ್ದೆಯಾಗಿದ್ದರೆ ಕಾದೆನ್ ಒರೆಸುತ್ತಿದ್ದಳು.

ಸೀಮೆಎಣ್ಣೆ ಒಲೆ ರಿಪೇರಿ ಮಾಡುವ ಯೋಮ್ತೋವ್ ಹೆಂಡತಿ ಸತ್ತವನು. ಅತ್ತೆ ಸೊಸೆಯರ ಮನೆಯ ಒಲೆ ಕೆಟ್ಟಾಗ ಬಂದ, ಆಮೇಲೆ ಕೆಡದಿದ್ದರೂ ಬಂದ.

“ಈ ಒಲೆಗೆ ಏನೂ ಆಗಿಲ್ವಲ್ಲೋ” ಎಂದು ಕಾದೆನ್ ಕೇಳಿದರೆ, “ಆಗೋ ಮುಂಚೆ ನೋಡ್ಬೇಕಮ್ಮ, ಆದ್ಮೇಲೆ ನೋಡೋಕೆ ಯಾರು ಬೇಕಾದ್ರೂ ಬರ್ತಾರೆ” ಎನ್ನುತ್ತಿದ್ದ. ಕಾದೆನ್ ನಗು ತಡೆದುಕೊಂಡು ಒಳಗೆ ಹೋಗುತ್ತಿದ್ದಳು. ಅವಳಿಗೆ ಅವನ ಮೇಲೆ ಸಿಟ್ಟಿರಲಿಲ್ಲ. ಮೂರನೆಯ ತಟ್ಟೆಯ ಜಾಗದಲ್ಲಿ ಅವನು ಕೂರದ ಹಾಗೆ ನೋಡಿಕೊಳ್ಳುತ್ತಿದ್ದಳು, ಅಷ್ಟೇ.

ಜೆರುಸಲೇಮಿನಲ್ಲಿ ಓದಿ ಬಂದ ಗಾಬ್ರಿಯೇಲ್ ಎಂಬ ಎಳೆಯ ಗುರು ಸಭಾಮಂದಿರದ ಅಂಗಳದಲ್ಲಿ ಈ ಮಾತೆತ್ತಿದ. ದಾವೀದ ರಾಜನ ಕಾಲದಲ್ಲಿ ಯುದ್ಧಕ್ಕೆ ಹೊರಟವರು ಹೆಂಡತಿಗೆ ಬಿಡುಗಡೆ ಪತ್ರ ಕೊಟ್ಟು ಹೋಗುತ್ತಿದ್ದರಂತೆ, ನಮ್ಮ ಮೀನುಗಾರರೂ ಹಾಗೆ ಮಾಡಲಿ, ಇಲ್ಲವೇ ಮದುವೆಯ ದಿನವೇ ಒಂದು ಷರತ್ತು ಸೇರಿಸೋಣ, ಗಂಡ ಇಷ್ಟು ಕಾಲ ಕಾಣದೆ ಹೋದರೆ ಮದುವೆ ಆಗಿಯೇ ಇರಲಿಲ್ಲ ಎಂದಾಗಲಿ.

ಒಬ್ಬ ಮೀನುಗಾರ ಎದ್ದು ನಿಂತ. “ಬೆಳಿಗ್ಗೆ ಹೆಂಡ್ತಿ ಕೈಗೆ ಬಿಡುಗಡೆ ಪತ್ರ ಕೊಟ್ಟು ಹೋದ್ರೆ, ಸಂಜೆ ಬಂದಾಗ ಬಾಗ್ಲು ತೆಗೀತಾಳೇನ್ರಿ?”

ಅಂಗಳವೆಲ್ಲ ನಕ್ಕಿತು. ಹೆಂಗಸರ ಕಡೆಯಿಂದ ಒಬ್ಬಳು, “ನಿನ್ನ ಹೆಂಡ್ತಿ ಈಗ್ಲೂ ತೆಗೆಯಲ್ಲ, ಕಿಟಕೀಲಿ ಹತ್ತಿ ಬರ್ತೀಯ ಅಂತ ಊರಿಗೇ ಗೊತ್ತು” ಎಂದಳು.

ನಗು ಇಳಿದ ಮೇಲೆ ಹಖಾಮ್ ಪಿನ್ಹಾಸರು ನಿಧಾನವಾಗಿ ಹೇಳಿದರು. “ಮಗು ಗಾಬ್ರಿಯೇಲ್, ನಿನ್ನ ಮಾತು ಚೆನ್ನಾಗಿದೆ. ಆದ್ರೆ ಷರತ್ತಿನ ಮೇಲೆ ನಿಂತ ಮದುವೆ ಯಾವತ್ತು ಮದುವೆ, ಯಾವತ್ತು ಅಲ್ಲ? ಒಂದು ಬಾಗ್ಲು ತೆಗೆದ್ರೆ ಎಷ್ಟು ಮನೆಗೆ ಗಾಳಿ ನುಗ್ಗುತ್ತೋ ನನಗೆ ಗೊತ್ತಿಲ್ಲ.”

“ಬಾಗ್ಲು ಮುಚ್ಚಿರೋ ಮನೇಲಿ ಒಬ್ಬಳು ಉಸಿರು ಕಟ್ಟಿ ಕೂತಿದಾಳಲ್ಲ, ಹಖಾಮರೇ!”

“ಅದು ಗೊತ್ತು. ಅವಳ ಅತ್ತೆ ತಂದ ತಟ್ಟೆ ಇನ್ನೂ ನಮ್ಮನೇಲೇ ಇದೆ.”

ಬುಲಿಸಾ ಹೆಂಗಸರ ಜಾಲರಿಯ ಹಿಂದೆ ಕೂತು ಎಲ್ಲ ಕೇಳಿದಳು. ಅವಳಿಗೆ ಅನ್ನಿಸಿದ್ದು ಒಂದೇ. ಷರತ್ತು ಬಂದರೂ ನಾಳೆ ಮದುವೆಯಾಗುವವರಿಗೆ ಬಂತು. ತನ್ನದು ಆಗಿಹೋದ ಮದುವೆ.

ಆಮೇಲೆ ಯುದ್ಧ ಬಂತು, ವಾರ ಕಳೆಯುವ ಮೊದಲೇ ಮುಗಿಯಿತು, ಆಚೆ ದಡ ಈ ಕಡೆಯವರ ಕೈಗೆ ಬಂತು. ಸಿರಿಯಾದ ಸೆರೆಯಿಂದ ಒಂದಿಷ್ಟು ಜನ ಮರಳಿದರು. ಅವರಲ್ಲಿ ಬೆಖೋರ್ ಇರಲಿಲ್ಲ, ಅವನನ್ನು ಕಂಡವರೂ ಇರಲಿಲ್ಲ. ಆಚೆ ದಡದ ಹಳ್ಳಿಗಳು ಬರಿದಾಗಿದ್ದವು. ದಡ ತೆರೆದ ಯುದ್ಧವೇ, ಹೇಳಬಲ್ಲ ಬಾಯಿಗಳನ್ನೆಲ್ಲ ಓಡಿಸಿಬಿಟ್ಟಿತ್ತು.

ಒಂದು ಬಾಯಿ ಉಳಿದಿತ್ತು. ಅದನ್ನು ಕಂಡವನು ಮೆರ್ಕಾದೊ. ಬಲೆ ಒಣಗಿಸಲು ಅತ್ತ ದೋಣಿ ಹಚ್ಚಿದಾಗ, ಖಾಲಿ ಮನೆಗಳ ನಡುವೆ ಒಂದರಲ್ಲಿ ಹೊಗೆ ಏಳುತ್ತಿತ್ತು. ಉಮ್ ಫಾಯಿಜ್ ಎಂಬ ಮುದುಕಿ. ಮಕ್ಕಳು ಓಡುವಾಗ ಅವಳ ಕಾಲು ನಡೆಯಲಿಲ್ಲ. ಅವಳ ಜೊತೆ ಒಂದು ಆಡು. ಆಡಿನ ಕೊರಳಲ್ಲಿ ಹಗ್ಗದ ಬದಲು ಅಗಲವಾದ ಚರ್ಮದ ಬೆಲ್ಟು, ಹಿತ್ತಾಳೆಯ ಬಿಲ್ಲೆ. ಬೆಖೋರನ ಆ ಬೆಲ್ಟು ಮೆರ್ಕಾದೊಗೆ ಗೊತ್ತಿತ್ತು. ಹಳ್ಳಿಯ ಗೋರಿಗಳಿಂದ ದೂರ, ಬೋರೆ ಮರದ ಕೆಳಗೆ, ಒಂಟಿ ಗೋರಿ ಇತ್ತು.

ಅವನು ನೇರ ಹಖಾಮರ ಹತ್ತಿರ ಓಡಿದ. ಹಖಾಮರು ಬುಲಿಸಾಳನ್ನು ಕರೆಸಿದರು.

“ನೋಡು ಮಗಳೇ, ಬೆಲ್ಟು ಮನುಷ್ಯ ಅಲ್ಲ. ಕೊಟ್ಟಿರಬಹುದು, ಕಳೆದಿರಬಹುದು. ಆದ್ರೆ ನಿನ್ನಂಥೋರಿಗೆ ಅಂತ ಹಿರಿಯರು ಬಾಗ್ಲು ಎಷ್ಟು ಅಗಲ ತೆಗೆದಿಟ್ಟಿದಾರೆ ಗೊತ್ತಾ? ಒಬ್ಬಳೇ ಹೆಂಗಸು ಹೇಳಿದ್ರೂ ಸಾಕು, ನಮ್ಮವಳಲ್ಲದಿದ್ರೂ ಸಾಕು. ‘ಹಿಂಗೆ ಒಬ್ಬ ಸತ್ತ, ಮಣ್ಣು ಮಾಡಿದ್ವಿ’ ಅಂತ ಅವಳು ಮಾತಿಗೆ ಮಾತು ಬಂದು ಹೇಳ್ಲಿ, ಮೆರ್ಕಾದೊ ಅದನ್ನ ಕೇಳಿಸ್ಕೊಂಡು ಬಂದು ನನಗೆ ಹೇಳ್ಲಿ, ಅವತ್ತೇ ನಿನ್ನ ಕಟ್ಟು ಬಿಚ್ತೀನಿ. ಒಂದೇ ಒಂದು. ನೀವು ಅವಳನ್ನ ಪ್ರಶ್ನೆ ಮಾಡ್ಬಾರ್ದು.”

“ಯಾಕೆ ಹಖಾಮರೇ?”

“ಪ್ರಶ್ನೆ ಮಾಡಿದ್ರೆ ಬರೋದು ಅವಳ ಮಾತಲ್ಲ, ನಿನಗೆ ಬೇಕಾದ ಮಾತು. ತಾನಾಗಿ ಬಂದಿದ್ದು ಮಾತ್ರ ನಿಜ.”

ಹೀಗೆ ಬುಲಿಸಾ ಆಚೆ ದಡಕ್ಕೆ ಹೋಗಿ ಬರಲು ಶುರು ಮಾಡಿದಳು. ಮೊದಲ ಸಲ ಆಡು ಅವಳ ಲಂಗದ ಅಂಚು ಮೂಸಿತು. ಬಿಲ್ಲೆಯ ಮೇಲೆ ಗೀಚಿದ ಗೀರು ಕಂಡಿತು. ಒಂದು ಹಬ್ಬದ ದಿನ ಬೆಖೋರನ ಮೀನಿನ ಚಾಕು ಜಾರಿ ಬಿದ್ದ ಗೀರು. “ಆಡು ಚೆನ್ನಾಗಿದೆ” ಎಂದಳು, ಅರಬಿಯಲ್ಲಿ.

“ಕಳ್ಳಿ ಅದು” ಎಂದಳು ಮುದುಕಿ. “ನಿನ್ನ ಚೀಲದಲ್ಲಿ ಬ್ರೆಡ್ಡಿದ್ರೆ ಎತ್ತಿಡು.”

ಬೇಸಿಗೆಯೆಲ್ಲ ಹೋದರು. ಸಕ್ಕರೆ, ಚಹಾ, ಬ್ರೆಡ್ಡು ಒಯ್ದರು. ಬುಲಿಸಾ ಅವಳ ಜೊತೆ ಕೂತು ಬೇಳೆ ಆರಿಸಿದಳು, ಕೂದಲು ಬಾಚಿದಳು. ಉಮ್ ಫಾಯಿಜ್ ಮಾತಿನ ಮಲ್ಲಿ. ಓಡಿಹೋದ ಮಕ್ಕಳು, ಸೊಸೆಯ ಸೋಮಾರಿತನ, ಬಾವಿಯ ನೀರಿನ ರುಚಿ, ತನ್ನ ಮದುವೆಯಲ್ಲಿ ಸತ್ತುಬಿದ್ದ ಒಂಟೆ, ಎಲ್ಲ ಹೇಳಿದಳು. ಬೋರೆ ಮರದ ಮಾತು ಮಾತ್ರ ಬರಲಿಲ್ಲ. ಮೆರ್ಕಾದೊ ಹೊಸಿಲಲ್ಲಿ ಕೂತು ಬಲೆ ಹೊಲಿಯುತ್ತ ಕಿವಿ ಇಟ್ಟಿರುತ್ತಿದ್ದ. ಎಷ್ಟೋ ಸಲ ಬುಲಿಸಾ ಗೋರಿಯ ಪಕ್ಕದಲ್ಲೇ ಹಾದು ದೋಣಿಗೆ ಇಳಿದಳು, ಮುಖ ತಿರುಗಿಸದೆ. ಅಳಲೂ ಬಾರದು, ಮುಟ್ಟಲೂ ಬಾರದು. ಆಚೆಯಿಂದ ನೋಡಿದರೆ ತನ್ನ ಮಾಳಿಗೆ ಬೆಂಕಿಪೆಟ್ಟಿಗೆಯಷ್ಟು ಕಾಣುತ್ತಿತ್ತು. ಇಷ್ಟು ವರ್ಷ ಅವನು ಇಲ್ಲಿಂದ ತನ್ನನ್ನು ನೋಡುತ್ತಿದ್ದನೇ ಎಂದುಕೊಂಡಳು.

ಕಾದೆನ್‌ಗೆ ಇದನ್ನು ಹೇಳಿರಲಿಲ್ಲ. ಆದರೆ ಮೆರ್ಕಾದೊನ ಹೆಂಡತಿಯ ಬಾಯಲ್ಲಿ ಕಡಲೆಯೂ ನಿಲ್ಲದು. ಬ್ರೆಡ್ಡಿನ ಅಂಗಡಿಯಲ್ಲಿ ಬೆಲ್ಟಿನ ಸುದ್ದಿ ಹೊರಬಿತ್ತು. ಕಾದೆನ್ ಮನೆಗೆ ಬಂದು ಬಾಗಿಲಿಗೆ ಅಡ್ಡ ನಿಂತಳು.

“ನಾನೂ ಬರ್ತೀನಿ.”

“ಅತ್ತೆ, ಅಲ್ಲಿ ಪ್ರಶ್ನೆ ಮಾಡೋ ಹಾಗಿಲ್ಲ. ನೀವು ತಡ್ಕೊಳ್ಳಲ್ಲ.”

“ಇಷ್ಟು ವರ್ಷ ಅಳದೆ ತಡ್ಕೊಂಡೆ. ಇದನ್ನ ತಡ್ಕೊಳ್ಳಲ್ವಾ? ಬಾಯಲ್ಲಿ ಆಲಿವ್ ಬೀಜ ಇಟ್ಕೊಂಡು ಕೂರ್ತೀನಿ ಕಣೇ.”

ಬೀಜ ಇಟ್ಟುಕೊಂಡೇ ದೋಣಿ ಹತ್ತಿದಳು. ಶರತ್ಕಾಲದ ಪರ್ಣಶಾಲೆಗಳ ಹಬ್ಬ ಆಗತಾನೆ ಕಳೆದಿತ್ತು. ಬಿಸಿಲು ಮೆತ್ತಗಾಗಿತ್ತು. ಮುದುಕಿಯ ಅಂಗಳದಲ್ಲಿ ಆಡನ್ನು ಕಂಡಾಗ ಕಾದೆನ್ ಕಣ್ಣು ಮುಚ್ಚಿಕೊಂಡಳು, ಆದರೆ ಬಾಯಿ ತೆರೆಯಲಿಲ್ಲ. ಎರಡು ಮುದುಕಿಯರು ಎದುರುಬದುರು ಕೂತರು. ಚಹಾ ಬಂತು. ಕಾದೆನ್ ಕುಡಿಯಲಿಲ್ಲ, ಬಾಯಲ್ಲಿ ಬೀಜವಿತ್ತು. ಉಮ್ ಫಾಯಿಜ್ ಅವಳನ್ನೇ ನೋಡುತ್ತ ಇದ್ದಳು. ಒಬ್ಬ ತಾಯಿ ಇನ್ನೊಬ್ಬಳ ಮುಖದಲ್ಲಿ ಏನು ಓದಿದಳೋ! ಕೈಯಲ್ಲಿದ್ದ ಲೋಟ ಕೆಳಗಿಟ್ಟು ತಾನಾಗಿಯೇ ಶುರುಮಾಡಿದಳು.

“ನೀರು ತಗೊಳ್ಳುತ್ತೆ, ನೀರು ಕೊಡುತ್ತೆ. ಒಂದು ವರ್ಷ ಬಿಸಿಗಾಳಿ ಬೀಸಿದ ಮಾರನೇ ದಿನ ಬೆಳಿಗ್ಗೆ ಕೊಡ ತಗೊಂಡು ಹೋದೆ. ನೀರಂಚಲ್ಲಿ ಒಬ್ಬ ಗಂಡಸು...”

ಮೆರ್ಕಾದೊನ ಸೂಜಿ ನಿಂತಿತು.

ಬೀಜ ನೆಲಕ್ಕೆ ಬಿತ್ತು.

“ನನ್ನ ಮಗ! ಎಡಗಡೆ ಚಿನ್ನದ ಹಲ್ಲಿತ್ತಾ? ಹೇಳೇ ತಾಯಿ, ಜೀವ ಇತ್ತಾ?”

ಕೇಳಿದ ಮೇಲೆ ಎಲ್ಲವೂ ಬಂತು. ಜೀವ ಇರಲಿಲ್ಲ. ಎಡಗಡೆ ಚಿನ್ನದ ಹಲ್ಲಿತ್ತು. ಅಂಗಿಯ ಒಳಗೆ ಯೆಹೂದ್ಯರು ಪ್ರಾರ್ಥನೆಯ ಗುರುತಾಗಿ ತೊಡುವ ದಾರಗಳ ಅಂಚಿನ ಬಟ್ಟೆ ಇತ್ತು, ಅದನ್ನು ಹಾಗೇ ಬಿಟ್ಟು ಮಣ್ಣು ಮಾಡಿದರು, ಯಾವನ ಪ್ರಾರ್ಥನೆ ಅವನಿಗೆ ಎಂದು. ಸೈನಿಕರಿಗೆ ತಿಳಿಸಲಿಲ್ಲ, ತಿಳಿಸಿದರೆ ಎಳೆದುಕೊಂಡು ಹೋಗುತ್ತಿದ್ದರು. ಉಮ್ ಫಾಯಿಜ್ ಹೇಳುತ್ತಲೇ ಹೋದಳು. ಕಾದೆನ್ ಬೋರೆ ಮರದ ಕೆಳಗೆ ನೆಲದ ಮೇಲೆ ಕೂತು, ಕೊರಳ ಬಳಿ ಬಟ್ಟೆ ಹರಿದುಕೊಂಡು, ಇಷ್ಟು ವರ್ಷದ್ದನ್ನೆಲ್ಲ ಒಟ್ಟಿಗೆ ಅತ್ತಳು. ಬುಲಿಸಾ ಅಂಗಳದಲ್ಲಿ ನಿಂತೇ ಇದ್ದಳು. ಆ ಬೀಜವನ್ನು ಎತ್ತಿ ಲಂಗದ ಅಂಚಿನಲ್ಲಿ ಒರೆಸಿದಳು, ಯಾಕೆಂದು ಅವಳಿಗೇ ತಿಳಿಯದು.

ಹಖಾಮರ ಮನೆಯಲ್ಲಿ ಮೆರ್ಕಾದೊ ಈ ಸಲವೂ ಇದ್ದದ್ದನ್ನು ಇದ್ದಂತೆ ಹೇಳಿದ. ಗಾಬ್ರಿಯೇಲ್ ಅಲ್ಲೇ ಇದ್ದ.

“ಅವಳು ತಾನಾಗೇ ಶುರು ಮಾಡಿದ್ದಾಳೆ, ಹಖಾಮರೇ. ಆಮೇಲೆ ಯಾರೋ ನಡುವೆ ಬಾಯಿ ಹಾಕಿದ್ರು. ಒಂದೇ ಮಾತು ಅದು, ಒಂದೇ ಉಸಿರು!”

“ಪ್ರಶ್ನೆಗೆ ಮುಂಚೆ ‘ಸತ್ತಿದ್ದ’ ಅಂದ್ಳಾ?”

“ಊರಿಗೆಲ್ಲ ಗೊತ್ತಾಗಿದೆ ಅವನು ಸತ್ತಿದಾನೆ ಅಂತ! ಗೊತ್ತಿಲ್ದೇ ಇರೋದು ಕಾನೂನಿಗೊಂದೇ.”

“ಮೆರ್ಕಾದೊ, ಅಂದ್ಳಾ?”

“ಇಲ್ಲ, ಹಖಾಮರೇ. ‘ಒಬ್ಬ ಗಂಡಸು’ ಅಂದ್ಳು. ಅಷ್ಟಕ್ಕೆ ಕಾದೆನಮ್ಮ...”

ಹಖಾಮರು ಮುಖ ಮುಚ್ಚಿಕೊಂಡರು. ಆಮೇಲೆ ಇದನ್ನು ಒಬ್ಬನೇ ತೀರ್ಮಾನಿಸಲಾರೆ ಎಂದು ಗಾಬ್ರಿಯೇಲನನ್ನೇ ಜೆರುಸಲೇಮಿನ ದೊಡ್ಡವರ ಬಳಿ ಕಳಿಸಿದರು. ಅಲ್ಲಿ ಮಾತು ಬೆಳೆಯಿತು. ಶುರು ಮಾಡಿದವಳ ಮಾತು ಅವಳದೇ ಎಂದು ಕೆಲವರು, ಪ್ರಶ್ನೆ ಬಿದ್ದ ಮೇಲೆ ಕೆಟ್ಟಿತು ಎಂದು ಕೆಲವರು. ಕಟ್ಟಿನಲ್ಲಿರುವ ಹೆಂಗಸರಿಗಾಗಿ ಕಾನೂನನ್ನೇ ತಿದ್ದಬೇಕೆಂದು ಗಾಬ್ರಿಯೇಲ್ ಕೂಗಾಡಿದನಂತೆ, ತಿದ್ದುತ್ತ ಹೋದರೆ ಉಳಿಯುವುದೇನು ಎಂದು ಅವರು ಕೇಳಿದರಂತೆ. ಚಳಿಗಾಲ ಬಂತು. ಉತ್ತರ ಬರಲಿಲ್ಲ.

ಮನೆಯಲ್ಲಿ ಕಾದೆನ್ ಸೊಸೆಯ ಕಣ್ಣು ತಪ್ಪಿಸುತ್ತಿದ್ದಳು. ಒಂದು ಸಂಜೆ ಒಲೆಯ ಮುಂದೆ ಅಂದಳು, “ನನ್ನ ಮಗ ನನಗೆ ಸಿಕ್ಕಿದ. ನಿನ್ನ ಬಿಡುಗಡೇನ ನಿನ್ನ ಕೈಯಿಂದ ಕಿತ್ಕೊಂಡ ಹಾಗಾಯ್ತು.”

“ನಿಮ್ಮ ಜಾಗದಲ್ಲಿ ನಾನಿದ್ರೆ ಬೀಜ ನುಂಗಿ ಕೇಳ್ತಿದ್ದೆ, ಅತ್ತೆ.”

ಆ ಸಬ್ಬತ್ತಿಗೆ ಕಾದೆನ್ ಎರಡೇ ತಟ್ಟೆ ಇಟ್ಟಳು. ಶಿಳ್ಳೆ ಮಾತ್ರ ಕೇಳಿತು, ಆ ಸಂಜೆ ಗಾಳಿಯೇ ಇರಲಿಲ್ಲ. ಈ ಸಲ ಕಾದೆನ್ ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ, ಅವಳಿಗೆ ಕೇಳಿಸಲಿಲ್ಲ. ತಾಯಿಯ ಪಾಲಿಗೆ ಅವನು ಮಣ್ಣು ಸೇರಿದ್ದ. ಉಳಿದದ್ದು ಬುಲಿಸಾಳ ಪಾಲಿಗೆ, ಅವಳೊಬ್ಬಳಿಗೆ.

ಮರುದಿನ ಸಭಾಮಂದಿರದ ಮೆಟ್ಟಿಲಲ್ಲಿ ಹಖಾಮರು ಎದುರಾದರು. ಅವರೇ ನಿಂತರು. “ಮಗಳೇ, ನನ್ನ ಹಳೇ ‘ಬೇಡ’ ಈಗ ಅಲ್ಲಾಡ್ತಿದೆ. ಹೊಸದು ಇನ್ನೂ ಹುಟ್ಟಿಲ್ಲ. ಹುಟ್ಟಿದ್ರೆ ಮತ್ತೆ ಅದನ್ನ ಮೀರೋಕಾಗಲ್ಲ.” ಅಷ್ಟು ಹೇಳಿ ಕೋಲೂರಿಕೊಂಡು ಇಳಿದು ಹೋದರು. ಬುಲಿಸಾ ಆ ಮೆಟ್ಟಿಲಲ್ಲೇ ಕೂತು ಬಹಳ ಹೊತ್ತು ಯೋಚಿಸಿದಳು. ಎರಡು ಬೇಡಗಳ ನಡುವೆ ಒಂದು ಬಿರುಕು ಇತ್ತು. ಒಬ್ಬಳು ಹಾದುಹೋಗುವಷ್ಟು.

ಸಬ್ಬತ್ತು ಮುಗಿದ ರಾತ್ರಿ ಅದನ್ನು ಯೋಮ್ತೋವ್‌ಗೆ ಹೇಳಿದಳು. ಅವನು ಒಲೆಯ ಪಿನ್ನು ಊದಿ ನೋಡುತ್ತ ಅಂದ, “ಹೈಫಾದಿಂದ ಸೈಪ್ರಸ್ಸಿಗೆ ಹಡಗಿದೆ. ಅಲ್ಲಿನ ಮದುವೆ ಕಚೇರಿಯೋರು ಹೆಸರು ಕೇಳ್ತಾರೆ, ವಯಸ್ಸು ಕೇಳ್ತಾರೆ. ದಡ ಕಾಣ್ತಿತ್ತಾ ಅಂತ ಕೇಳಲ್ಲ.”

“ಅವನು ಅಲ್ಲಿಗೂ ಬಂದ್ರೆ?”

ಯೋಮ್ತೋವ್ ನಗಲಿಲ್ಲ. “ಬರ್ಲಿ. ಒಂದು ತಟ್ಟೆ ಹೆಚ್ಚು ಇಡೋಣ.”

ಭಾನುವಾರ ಯೋಮ್ತೋವ್ ಉಪಕರಣಗಳ ಪೆಟ್ಟಿಗೆ ಹೊತ್ತು ಮೊದಲು ಹೈಫಾಕ್ಕೆ ಹೋದ. ಮಂಗಳವಾರ ರೆಡ್ ಕ್ರಾಸಿನ ಬಿಳಿ ಗಾಡಿ ಬಂದು ಉಮ್ ಫಾಯಿಜಳನ್ನು ಮಕ್ಕಳಿರುವ ಕಡೆಗೆ ಕರೆದೊಯ್ದಿತು. ಗಾಡಿಯಲ್ಲಿ ಆಡಿಗೆ ಜಾಗವಿರಲಿಲ್ಲ. ಕಾದೆನ್ ಅದನ್ನು ಮೆರ್ಕಾದೊನ ದೋಣಿಯಲ್ಲಿ ಕರೆತಂದು ಅಂಗಳದಲ್ಲಿ ಕಟ್ಟಿದಳು. ಬೆಲ್ಟನ್ನು ಬಿಚ್ಚಲಿಲ್ಲ.

ಗುರುವಾರ ಬೆಳಿಗ್ಗೆ ಕಾದೆನ್ ಬ್ರೆಡ್ಡು, ಬೇಯಿಸಿದ ಮೊಟ್ಟೆ ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ಬಸ್ಸಿನ ನಿಲ್ದಾಣದಲ್ಲಿ ಹಖಾಮರು ನಿಂತಿದ್ದರು, ಯಾರಿಗಾಗಿಯೋ ಕಾದಂತೆ. ಬುಲಿಸಾಳ ಕೈಯಲ್ಲಿದ್ದ ಪೆಟ್ಟಿಗೆಯನ್ನು ನೋಡಿದರು. ಎಲ್ಲಿಗೆ ಎಂದು ಕೇಳಲಿಲ್ಲ. ಯಾರ ಜೊತೆ ಎಂದು ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳಬೇಕಾಗುತ್ತಿತ್ತು, ಹೇಳಿದ್ದರೆ ಅವರು ಬೇಡ ಎನ್ನಬೇಕಾಗುತ್ತಿತ್ತು. ಮಡಿಸಿದ ಬಟ್ಟೆಯಲ್ಲಿ ಸುತ್ತಿದ್ದ ಕಾದೆನ್ನಳ ಆ ಹಳೆಯ ತಟ್ಟೆಯನ್ನು ಅವಳ ಕೈಗಿಟ್ಟು, “ಬಿಸಿಲು ಏರೋ ಮುಂಚೆ ಹೊರಟಿದ್ದು ಒಳ್ಳೇದಾಯ್ತು” ಎಂದರು.

ಬಸ್ಸು ಗುಡ್ಡ ಏರಿತು. ರಾತ್ರಿ ಮಳೆಯಾಗಿ ಆಚೆ ದಡ ತೊಳೆದಿಟ್ಟಂತೆ ಕಾಣುತ್ತಿತ್ತು. ತಿರುವಿನಲ್ಲಿ ಎರಡು ಸಲ ಶಿಳ್ಳೆ ಕೇಳಿದಾಗ ಬುಲಿಸಾ ಈ ಸಲ ತಿರುಗಿ ನೋಡಿದಳು. ರಸ್ತೆ ಖಾಲಿಯಿತ್ತು, ಕಲ್ಲು ಒದ್ದೆಯಿತ್ತು. ಅವಳು ಊರು ಬಿಟ್ಟದ್ದೂ ಗುರುವಾರ.